ಔತಣದ ಮರುದಿನದ ಬಟ್ಟೆ: ಒಗೆದರೂ ಉಳಿಯುವ ಕಲೆ, ಜಿಡ್ಡು ಮತ್ತು ವಾಸನೆಯ ಕಾರಣ ಹುಡುಕುವ ಕೈಪಿಡಿ

ಔತಣ ಮುಗಿದ ಮರುದಿನ ರಾಶಿಬಿದ್ದ ಮೇಜುಬಟ್ಟೆ, ನ್ಯಾಪ್‌ಕಿನ್ ಮತ್ತು ಉಡುಪುಗಳನ್ನು ಒಟ್ಟಿಗೆ ವಾಷಿಂಗ್ ಮೆಷಿನ್‌ಗೆ ತುಂಬಿ, ಡಿಟರ್ಜೆಂಟನ್ನು ಕೊಂಚ ಹೆಚ್ಚೇ ಸುರಿದು, ಬಿಸಿನೀರಿನಲ್ಲಿ ಒಗೆದು ಒಣಗಿಸಿದ ಮೇಲೆ ಕಲೆ ಇನ್ನೂ ಅಲ್ಲೇ ಇದೆ ಎಂದು ಗೊತ್ತಾಗುವುದು ಅನೇಕ ಮನೆಗಳ ಅನುಭವ. ಆಗ ಬಹುತೇಕರು ಇನ್ನಷ್ಟು ಡಿಟರ್ಜೆಂಟ್, ಇನ್ನಷ್ಟು ಬಿಸಿ, ಕೊನೆಗೆ ಬ್ಲೀಚ್ ಎಂಬ ಕ್ರಮದಲ್ಲಿ ಮುಂದುವರಿಯುತ್ತಾರೆ. ನಾನು ಕಂಡ ಮಟ್ಟಿಗೆ, ಹೀಗೆ ಕೈಬಿಟ್ಟುಹೋದ ಬಟ್ಟೆಗಳಲ್ಲಿ ಹೆಚ್ಚಿನವನ್ನು ಕೆಡಿಸಿದ್ದು ಚೆಲ್ಲಿದ ಆಹಾರವಲ್ಲ, ಅದು ಯಾವ ಬಗೆಯ ಕಲೆ ಎಂದು ತಿಳಿಯುವ ಮುನ್ನವೇ ಮುಟ್ಟಿಸಿದ ಬಿಸಿ. ಒಗೆದ ಮೇಲೆ ಉಳಿದ ಕಲೆ ಏನಾಗಿದೆ ಎಂಬುದನ್ನು ತಾನೇ ಹೇಳುತ್ತದೆ. ಅದನ್ನು ಕಣ್ಣು, ಬೆರಳು ಮತ್ತು ಮೂಗಿನಿಂದ ಗುರುತಿಸುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಏನನ್ನೂ ಹಚ್ಚುವ ಮುನ್ನ

ಕಲೆ ಉಳಿದಿರುವ ಬಟ್ಟೆ ಇನ್ನೂ ಒದ್ದೆಯಾಗಿದ್ದರೆ ಅದನ್ನು ಡ್ರೈಯರ್‌ಗೆ ಹಾಕಬೇಡಿ, ಇಸ್ತ್ರಿ ಪೆಟ್ಟಿಗೆಯನ್ನೂ ಮುಟ್ಟಿಸಬೇಡಿ. ಕಿಟಕಿಯ ಬಳಿ, ಹಗಲಿನ ಬೆಳಕಿನಲ್ಲಿ ಹಿಡಿದು ನೋಡಿ. ದೀಪದ ಹಳದಿ ಬೆಳಕಿನಲ್ಲಿ ತೆಳು ಹಳದಿ ಕಲೆಗಳು ಕಾಣಿಸುವುದೇ ಇಲ್ಲ. ಕಲೆಯ ಮೇಲೆ ಬೆರಳಾಡಿಸಿದಾಗ ನುಣುಪೋ, ಗಡಸೋ, ಅಂಟೋ ಎಂಬುದನ್ನು ಗಮನಿಸಿ. ಅಂದು ಏನೇನು ಬಡಿಸಲಾಗಿತ್ತು, ಆ ಬಟ್ಟೆ ಯಾವ ಭಾಗದಲ್ಲಿ ಹಾಸಿತ್ತು ಎಂದು ನೆನಪಿಸಿಕೊಳ್ಳುವುದು ಖರ್ಚಿಲ್ಲದ ತಪಾಸಣೆ, ಆದರೆ ಅರ್ಧದಷ್ಟು ಪ್ರಕರಣಗಳು ಅಲ್ಲಿಯೇ ಬಗೆಹರಿಯುತ್ತವೆ.

ಅನಂತರ ಬಟ್ಟೆಯ ಒಳಹೊಲಿಗೆಯಲ್ಲಿರುವ ಪಟ್ಟಿಯನ್ನು ಓದಿ. ಅದರ ಚಿಹ್ನೆಗಳನ್ನು ಐಎಸ್‌ಒ 3758 ಎಂಬ ಅಂತರರಾಷ್ಟ್ರೀಯ ಮಾನದಂಡ ವಿವರಿಸುತ್ತದೆ. ನೀರಿನ ತೊಟ್ಟಿಯ ಚಿತ್ರದೊಳಗಿನ ಅಂಕಿ ಆ ಬಟ್ಟೆ ತಾಳಬಲ್ಲ ಗರಿಷ್ಠ ಉಷ್ಣತೆಯನ್ನು ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೇಳುತ್ತದೆ. ತ್ರಿಕೋನ ಬ್ಲೀಚಿಗೆ ಸಂಬಂಧಿಸಿದ್ದು. ಒಳಗೆ ಎರಡು ಓರೆಗೆರೆಗಳಿದ್ದರೆ ಆಮ್ಲಜನಕ ಆಧಾರಿತ ಬ್ಲೀಚನ್ನು ಮಾತ್ರ ಬಳಸಬಹುದು, ತ್ರಿಕೋನವನ್ನೇ ಹೊಡೆದುಹಾಕಿದ್ದರೆ ಯಾವ ಬ್ಲೀಚೂ ಕೂಡದು. ಚೌಕದೊಳಗಿನ ವೃತ್ತ ಡ್ರೈಯರಿನದು. ಬರಿಯ ವೃತ್ತವಿದ್ದರೆ ಅದು ವೃತ್ತಿಪರರು ಮಾಡುವ ಶುಚಿಗೊಳಿಸುವಿಕೆಗೆ ಸಂಬಂಧಿಸಿದೆ. ತೊಟ್ಟಿಯ ಚಿತ್ರದ ಮೇಲೆ ಅಡ್ಡಗೀಟು ಬಿದ್ದಿದ್ದರೆ ಈ ಕೈಪಿಡಿಯ ಉಳಿದ ಭಾಗ ಆ ಬಟ್ಟೆಗೆ ಅನ್ವಯಿಸುವುದಿಲ್ಲ. ಅದನ್ನು ಒಣಗಿದ ಸ್ಥಿತಿಯಲ್ಲಿಯೇ ಲಾಂಡ್ರಿಗೆ ಕೊಡುವುದು ಸರಿ.

ಹೊಸ ದ್ರಾವಣ ಯಾವುದೇ ಇರಲಿ, ಮೊದಲು ಒಳಹೊಲಿಗೆಯ ಮೇಲೆ ಒಂದು ಹನಿ ಬಿಟ್ಟು, ಐದು ನಿಮಿಷದ ನಂತರ ಬಿಳಿ ಬಟ್ಟೆಯ ಚೂರನ್ನು ಅಲ್ಲಿ ಒತ್ತಿ ನೋಡಿ. ಚೂರಿಗೆ ಬಣ್ಣ ಹತ್ತಿದರೆ ಆ ದ್ರಾವಣವನ್ನು ಕೈಬಿಡಿ.

ಒಣಗಿದ ಮೇಲಷ್ಟೇ ಕಾಣುವ ಗಾಢ ಮಚ್ಚೆ

ಒದ್ದೆಯಾಗಿದ್ದಾಗ ಬಟ್ಟೆ ಸ್ವಚ್ಛವಾಗಿ ಕಂಡು, ಒಣಗಿದ ಮೇಲೆ ಅಲ್ಲಲ್ಲಿ ಬಟ್ಟೆಯ ಬಣ್ಣವೇ ಗಾಢವಾದಂಥ ಮಚ್ಚೆಗಳು ಎದ್ದರೆ ಅದು ಎಣ್ಣೆ ಅಥವಾ ಬೆಣ್ಣೆಯ ಜಿಡ್ಡು. ಬೆಳಕಿಗೆ ಹಿಡಿದರೆ ಆ ಜಾಗ ಎಣ್ಣೆ ಕುಡಿದ ಕಾಗದದಂತೆ ಅರೆಪಾರದರ್ಶಕವಾಗಿ ಕಾಣುತ್ತದೆ. ಖಚಿತಪಡಿಸಿಕೊಳ್ಳಲು ಒಂದು ಹನಿ ನೀರನ್ನು ಅದರ ಮೇಲೆ ಬಿಡಿ: ಸುತ್ತಲಿನ ಬಟ್ಟೆ ನೀರನ್ನು ಹೀರಿಕೊಂಡು, ಮಚ್ಚೆಯ ಮೇಲೆ ಮಾತ್ರ ಹನಿ ಗುಂಡಾಗಿ ನಿಂತರೆ ಸಂಶಯವೇ ಬೇಡ.

ಇಂಥ ಮಚ್ಚೆ ಒಗೆತದಲ್ಲಿ ಉಳಿಯಲು ಸಾಮಾನ್ಯ ಕಾರಣವೆಂದರೆ ಡಿಟರ್ಜೆಂಟು ಮೆಷಿನ್ ತುಂಬ ನೀರಿನಲ್ಲಿ ತೆಳುವಾಗಿ, ಜಿಡ್ಡಿನ ಜಾಗಕ್ಕೆ ಬೇಕಾದಷ್ಟು ಸಿಗದೆ ಹೋಗುವುದು. ಪರಿಹಾರವೂ ಅಗ್ಗದ್ದೇ. ಒಣಬಟ್ಟೆಯ ಮೇಲೆಯೇ, ನೀರು ತಾಗಿಸದೆ, ಪಾತ್ರೆ ತೊಳೆಯುವ ದ್ರವವನ್ನು ಎರಡು ಹನಿ ಹಾಕಿ, ಬೆರಳ ತುದಿಯಿಂದ ಮೆಲ್ಲಗೆ ಹರಡಿ, 10 ರಿಂದ 15 ನಿಮಿಷ ಬಿಟ್ಟು, ಪಟ್ಟಿ ಅನುಮತಿಸುವಷ್ಟು ಬೆಚ್ಚನೆಯ ನೀರಿನಲ್ಲಿ ಜಾಲಾಡಿಸಿ. ಇಲ್ಲಿ ಬೆಚ್ಚನೆಯ ನೀರು ನೆರವಾಗುತ್ತದೆ, ಏಕೆಂದರೆ ಜಿಡ್ಡು ಮೆದುವಾದಷ್ಟೂ ಬಿಡುವುದು ಸುಲಭ. ಆದರೆ ಜಿಡ್ಡಿನೊಂದಿಗೆ ಹಾಲು ಅಥವಾ ಮೊಟ್ಟೆಯೂ ಇದೆಯೆಂಬ ಅನುಮಾನವಿದ್ದರೆ ಮುಂದಿನ ಭಾಗವನ್ನು ಓದಿದ ಮೇಲೆಯೇ ಮುಂದುವರಿಯಿರಿ. ಪಾಲಿಯೆಸ್ಟರ್ ಬಟ್ಟೆ ಎಣ್ಣೆಯನ್ನು ಹತ್ತಿಗಿಂತ ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಅಲ್ಲಿ ಇದನ್ನು ಎರಡು ಮೂರು ಸಲ ಮಾಡಬೇಕಾಗುತ್ತದೆ, ಮತ್ತು ಪ್ರತಿ ಸಲವೂ ನೆರಳಿನಲ್ಲಿ ಒಣಗಿಸಿ ನೋಡಬೇಕಾಗುತ್ತದೆ. ಇದರಲ್ಲಿ ತಾಳ್ಮೆ ಕಳೆದುಕೊಂಡು ಗಟ್ಟಿ ಬ್ರಷ್ಷಿನಿಂದ ಉಜ್ಜಿದರೆ ಜಿಡ್ಡು ಹೋಗುತ್ತದೆ, ಆದರೆ ಆ ಜಾಗದ ಎಳೆಗಳು ಎದ್ದು ಇನ್ನೊಂದು ಬಗೆಯ ಮಚ್ಚೆ ಶಾಶ್ವತವಾಗಿ ನಿಲ್ಲುತ್ತದೆ.

ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಅಡುಗೆ ಎಣ್ಣೆ ಧಾರಾಳವಾಗಿ ಹೀರಿಕೊಂಡಿರುವ ಬಟ್ಟೆಯನ್ನು ಸರಿಯಾಗಿ ಒಗೆಯದೆ ಡ್ರೈಯರ್‌ಗೆ ಹಾಕುವುದು ಬೆಂಕಿಗೆ ಆಹ್ವಾನ. ಸಸ್ಯಜನ್ಯ ಎಣ್ಣೆ ಗಾಳಿಯಲ್ಲಿನ ಆಮ್ಲಜನಕದೊಂದಿಗೆ ಸೇರುವಾಗ ಶಾಖ ಹುಟ್ಟುತ್ತದೆ. ಬಿಸಿಯಾದ ಬಟ್ಟೆಯನ್ನು ರಾಶಿ ಹಾಕಿದರೆ ಆ ಶಾಖ ಹೊರಹೋಗಲು ದಾರಿಯಿಲ್ಲದೆ ಏರುತ್ತಾ ಹೋಗಿ, ಡ್ರೈಯರ್ ನಿಂತು ಎಷ್ಟೋ ಹೊತ್ತಿನ ಮೇಲೂ ರಾಶಿ ತಾನಾಗಿ ಹೊತ್ತಿಕೊಳ್ಳಬಹುದು. ಅಡುಗೆಮನೆಯ ಎಣ್ಣೆ ಒರೆಸಿದ ಬಟ್ಟೆಗಳನ್ನು ಬೇರೆಯಾಗಿ ಒಗೆದು, ಹಗ್ಗದ ಮೇಲೆ ಹರಡಿ ಒಣಗಿಸಿ.

ಒಗೆದ ಮೇಲೆ ಗಡಸಾಗಿ ಉಳಿದ ತೆಳು ಹಳದಿ ಅಥವಾ ಬೂದು ಕಲೆ

ಬೆರಳಿಗೆ ಒರಟಾಗಿ, ಉಗುರಿನಿಂದ ಕೆರೆದರೆ ಸಣ್ಣ ಹೊಟ್ಟಿನಂತೆ ಉದುರುವ ಕಲೆ ಸಾಮಾನ್ಯವಾಗಿ ಪ್ರೋಟೀನಿನದು: ಮೊಟ್ಟೆ, ಹಾಲು, ಕೆನೆ, ಐಸ್‌ಕ್ರೀಂ, ಮಾಂಸದ ರಸ, ಗಡಿಬಿಡಿಯಲ್ಲಿ ಬೆರಳು ಕುಯ್ದುಕೊಂಡಿದ್ದರೆ ರಕ್ತ. ಮೊಟ್ಟೆಯ ಬಿಳಿಭಾಗ ಸುಮಾರು 60 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಬಾಣಲೆಯಲ್ಲಿ ನಡೆಯುವುದೇ ಬಿಸಿನೀರಿನ ಒಗೆತದಲ್ಲಿ ಎಳೆಗಳ ನಡುವೆಯೂ ನಡೆಯುತ್ತದೆ. ಆದ್ದರಿಂದ ಈ ಗುರುತು ಕಂಡರೆ ನೀರಿನ ಉಷ್ಣತೆ ಹೆಚ್ಚಾಗಿತ್ತು ಎಂದು ತಿಳಿಯಬೇಕು.

ಮೊದಲು ಒಣಗಿದ ಪದರವನ್ನು ಚಮಚದ ಅಂಚಿನಿಂದ ಕೆರೆದು ತೆಗೆಯಿರಿ. ಬಟ್ಟೆಯ ಹಿಂಬದಿಯಿಂದ ತಣ್ಣೀರು ಹರಿಸಿ, ಹೀಗೆ ಮಾಡಿದಾಗ ಕಲೆ ಒಳಗೆ ಇಳಿಯದೆ ಬಂದ ದಾರಿಯಲ್ಲೇ ಹೊರಹೋಗುತ್ತದೆ. ಇಷ್ಟಕ್ಕೆ ಹೋಗದಿದ್ದರೆ ಕಿಣ್ವಗಳಿರುವ ಡಿಟರ್ಜೆಂಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ನೆನೆಹಾಕಿ. ಪೊಟ್ಟಣದ ಮೇಲೆ ಪ್ರೋಟಿಯೇಸ್ ಎಂದಿದ್ದರೆ ಅದು ಪ್ರೋಟೀನನ್ನೂ, ಅಮೈಲೇಸ್ ಎಂದಿದ್ದರೆ ಸಾಸ್ ಮತ್ತು ಕಸ್ಟರ್ಡ್‌ಗಳಲ್ಲಿರುವ ಪಿಷ್ಟವನ್ನೂ, ಲೈಪೇಸ್ ಎಂದಿದ್ದರೆ ಕೊಬ್ಬನ್ನೂ ಚೂರುಗಳಾಗಿ ಒಡೆಯುತ್ತದೆ. ಕಿಣ್ವಗಳಿಗೆ ಸಮಯ ಬೇಕು. ಕುದಿಯುವ ನೀರಿಗೆ ಹಾಕಿದರೆ ಅವು ಕೆಲಸ ಆರಂಭಿಸುವ ಮೊದಲೇ ನಿಷ್ಕ್ರಿಯವಾಗುತ್ತವೆ. ರೇಷ್ಮೆ ಮತ್ತು ಉಣ್ಣೆಗೆ ಪ್ರೋಟಿಯೇಸ್ ಇರುವ ಡಿಟರ್ಜೆಂಟ್ ಬಳಸಲೇಬಾರದು, ಏಕೆಂದರೆ ಆ ನೂಲುಗಳೇ ಪ್ರೋಟೀನು, ಮತ್ತು ಕಿಣ್ವಕ್ಕೆ ಕಲೆ ಯಾವುದು ಬಟ್ಟೆ ಯಾವುದು ಎಂಬ ಭೇದವಿಲ್ಲ.

ಚಾಕೊಲೇಟು, ಕೆನೆ ಸೇರಿಸಿದ ಸಾಸು, ಕೇಕಿನ ಮೇಲಿನ ಕ್ರೀಮು ಇವು ಒಂದೇ ಬಗೆಯ ಕಲೆಗಳಲ್ಲ. ಅವುಗಳಲ್ಲಿ ಪ್ರೋಟೀನು, ಜಿಡ್ಡು, ಬಣ್ಣ ಪದರ ಪದರವಾಗಿ ಇರುತ್ತವೆ. ಇಂಥವನ್ನು ತಣ್ಣೀರು ಮತ್ತು ಕಿಣ್ವದಿಂದ ಆರಂಭಿಸಿ, ಆಮೇಲೆ ಜಿಡ್ಡಿನ ಕಡೆಗೆ ಹೋಗಿ, ಉಳಿದ ಬಣ್ಣವನ್ನು ಕೊನೆಗೆ ತೆಗೆಯಬೇಕು. ಕ್ರಮ ತಿರುವುಮುರುವಾದರೆ ಮೊದಲ ಪದರ ಬೆಂದು ಉಳಿದವನ್ನು ಒಳಗೇ ಹಿಡಿದಿಡುತ್ತದೆ.

ಅಂಚು ಗಾಢವಾಗಿರುವ ಕಂದು ಕಲೆ, ಅಥವಾ ದಿನಗಳ ನಂತರ ಎದ್ದ ಹಳದಿ ಕಲೆ

ನಡುವೆ ತೆಳುವಾಗಿ ಸುತ್ತಲೂ ಗಾಢ ಅಂಚು ಮೂಡಿದ್ದರೆ ಅದು ಕಾಫಿ, ಚಹಾ, ಹಣ್ಣಿನ ರಸ ಅಥವಾ ಕೆಂಪು ವೈನಿನಂಥ ಪಾನೀಯದ ಗುರುತು. ದ್ರವ ಹರಡುತ್ತಾ ಹೋಗಿ ಒಣಗಿದ ಗಡಿಯಲ್ಲಿ ಬಣ್ಣ ಜಮೆಯಾಗುತ್ತದೆ. ಇವುಗಳ ಬಣ್ಣ ಬಹುಮಟ್ಟಿಗೆ ಟ್ಯಾನಿನ್ ಮತ್ತು ಅದರ ಬಳಗದ ವಸ್ತುಗಳಿಂದ ಬಂದದ್ದು. ಇಲ್ಲಿ ಜನ ಮಾಡುವ ತಪ್ಪೆಂದರೆ ಬಾರ್ ಸೋಪು ಹಚ್ಚಿ ಉಜ್ಜುವುದು. ಸಾಂಪ್ರದಾಯಿಕ ಸೋಪು ಟ್ಯಾನಿನ್ ಕಲೆಯನ್ನು ಇನ್ನಷ್ಟು ಗಟ್ಟಿಮಾಡಬಲ್ಲದು. ತಣ್ಣೀರಿನಲ್ಲಿ ಜಾಲಾಡಿಸಿ, ದ್ರವರೂಪದ ಡಿಟರ್ಜೆಂಟ್ ಹಚ್ಚಿ, ಜಗ್ಗದಿದ್ದರೆ ಬಿಳಿ ವಿನೆಗರನ್ನು ಸಮಪಾಲು ನೀರಿನೊಂದಿಗೆ ಬೆರೆಸಿ ಬಟ್ಟೆಯ ಚೂರಿನಿಂದ ಒತ್ತುತ್ತಾ ಹೋಗಿ. ಅದಕ್ಕೂ ಬಗ್ಗದಿದ್ದರೆ ಸೋಡಿಯಂ ಪರ್‌ಕಾರ್ಬನೇಟ್ ಇರುವ, ಅಂದರೆ ಆಮ್ಲಜನಕ ಆಧಾರಿತ ಬ್ಲೀಚ್ ಪುಡಿಯನ್ನು ಪೊಟ್ಟಣ ಹೇಳಿದ ಅಳತೆಯಲ್ಲಿ 40 ಡಿಗ್ರಿಯಷ್ಟು ಬೆಚ್ಚನೆಯ ನೀರಿನಲ್ಲಿ ಕರಗಿಸಿ ನೆನೆಹಾಕಿ. ನೀರು ಸೇರಿದಾಗ ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಬಿಡುಗಡೆಯಾಗಿ ಬಣ್ಣದ ಅಣುವನ್ನು ಮುರಿಯುತ್ತದೆ. ತಣ್ಣೀರಿನಲ್ಲಿ ಈ ಕೆಲಸ ಬಹಳ ನಿಧಾನ. ಈ ದ್ರಾವಣವನ್ನು ಮುಚ್ಚಳ ಬಿಗಿದ ಬಾಟಲಿಯಲ್ಲಿ ತುಂಬಿಡಬೇಡಿ, ಹೊರಬರುವ ಅನಿಲದ ಒತ್ತಡಕ್ಕೆ ಬಾಟಲಿ ಒಡೆಯಬಹುದು. ರೇಷ್ಮೆ, ಉಣ್ಣೆಗಳಿಗೆ ಇದೂ ನಿಷಿದ್ಧ.

ಕಪಾಟಿನಲ್ಲಿ ಸ್ವಚ್ಛವಾಗಿ ಮಡಿಸಿಟ್ಟ ಮೇಜುಬಟ್ಟೆಯನ್ನು ತಿಂಗಳ ನಂತರ ತೆರೆದಾಗ ಎಲ್ಲಿಂದಲೋ ಬಂದಂತೆ ಹಳದಿ ಮಚ್ಚೆಗಳು ಕಾಣುವುದುಂಟು. ಇದು ಬಣ್ಣವಿಲ್ಲದ ಪಾನೀಯಗಳ ಸಕ್ಕರೆ ಪೂರ್ತಿ ಹೋಗದೆ ಉಳಿದದ್ದು. ಕಾಲ ಕಳೆದಂತೆ, ಇಸ್ತ್ರಿಯ ಬಿಸಿ ತಾಗಿದರೆ ಇನ್ನೂ ಬೇಗ, ಅದು ಹಳದಿಗಟ್ಟಿ ಕಂದಾಗುತ್ತದೆ. ನನ್ನದೇ ಒಂದು ಬಿಳಿ ಮೇಜುಬಟ್ಟೆಯನ್ನು ಕಣ್ಣಿಗೆ ಕಲೆ ಕಾಣಲಿಲ್ಲವೆಂದು ಒಗೆಯದೆ ಇಸ್ತ್ರಿ ಮಾಡಿ ಇಟ್ಟು ಹೀಗೆ ಕಳೆದುಕೊಂಡಿದ್ದೇನೆ. ಔತಣದಲ್ಲಿ ಹಾಸಿದ ಬಟ್ಟೆ ಎಷ್ಟೇ ಸ್ವಚ್ಛವಾಗಿ ಕಂಡರೂ ಒಗೆದೇ ಮಡಿಸಿಡಬೇಕು.

ಸೋಪು ತಾಗಿದೊಡನೆ ಬಣ್ಣ ಬದಲಿಸುವ ಕಲೆ

ಹಳದಿ ಕಲೆಗೆ ಸೋಪು ತಾಗಿದ ತಕ್ಷಣ ಅದು ಇಟ್ಟಿಗೆಗೆಂಪಾದರೆ ಗಾಬರಿ ಬೇಡ, ಅದು ಅರಿಶಿನ. ಅದರ ಬಣ್ಣವಾದ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗಿ, ಚೆನ್ನಾಗಿ ಜಾಲಾಡಿಸಿದಾಗ ಮತ್ತೆ ಹಳದಿಗೆ ಮರಳುತ್ತದೆ. ಅದು ನೀರಿಗಿಂತ ಜಿಡ್ಡಿನಲ್ಲಿ ಸುಲಭವಾಗಿ ಕರಗುವುದರಿಂದ ಮೊದಲು ಜಿಡ್ಡಿನ ಕಲೆಯಂತೆಯೇ ತೊಳೆದು, ಉಳಿದ ಹಳದಿಯನ್ನು ಬಿಸಿಲಿಗೆ ಒಪ್ಪಿಸಿ. ಬೆಳಕಿನಲ್ಲಿ ಕರ್ಕ್ಯುಮಿನ್ ತಾನಾಗಿ ಮಾಸುತ್ತದೆ. ಒಂದೆರಡು ದಿನದ ಬಿಸಿಲು ಯಾವ ದುಬಾರಿ ದ್ರಾವಣಕ್ಕೂ ಕಡಿಮೆಯಲ್ಲ, ಆದರೆ ಗಾಢ ಬಣ್ಣದ ಬಟ್ಟೆಯಾದರೆ ಅದರ ಬಣ್ಣವೂ ಮಾಸುವುದನ್ನು ನೆನಪಿಡಿ. ನೇರಳೆ ಅಥವಾ ಕೆಂಪು ಹಣ್ಣಿನ ಕಲೆ ಸೋಪಿಗೆ ನೀಲಿ ಅಥವಾ ಹಸಿರು ಛಾಯೆಗೆ ತಿರುಗಿದರೆ ಅದು ಆಂಥೋಸಯನಿನ್ ಎಂಬ ವರ್ಣದ್ರವ್ಯ. ಮೇಲೆ ಹೇಳಿದ ವಿನೆಗರಿನ ದಾರಿಯನ್ನೇ ಹಿಡಿಯಿರಿ.

ಬಟ್ಟೆಯ ಮೇಲೆ ಮೇಣ

ಗಟ್ಟಿಯಾಗುವವರೆಗೆ ಮುಟ್ಟಬೇಡಿ. ಮಂಜುಗಡ್ಡೆಯಿಂದ ತಣಿಸಿ, ಬಿರುಕು ಬಿಟ್ಟ ಮೇಲೆ ಚಮಚದಿಂದ ಎಬ್ಬಿಸಿ. ಉಳಿದ ಪದರದ ಮೇಲೂ ಕೆಳಗೂ ಅಚ್ಚಿಲ್ಲದ ಕಾಗದವಿಟ್ಟು ಮಂದ ಬಿಸಿಯ ಇಸ್ತ್ರಿ ಆಡಿಸಿದರೆ ಮೇಣ ಕಾಗದಕ್ಕೆ ಏರುತ್ತದೆ. ಬಣ್ಣದ ಮೇಣವಾಗಿದ್ದರೆ ಮಾತ್ರ ಇಸ್ತ್ರಿ ಬೇಡ, ಬಿಸಿಗೆ ಬಣ್ಣ ನೂಲಿಗೆ ಇಳಿಯುತ್ತದೆ.

ಬಿಳಿ ಬಟ್ಟೆಗೆ ಬೇರೊಂದರ ಬಣ್ಣ ಹತ್ತಿದೆ

ಒಂದು ಕೆಂಪು ನ್ಯಾಪ್‌ಕಿನ್ನು ಇಡೀ ಒಗೆತವನ್ನು ಗುಲಾಬಿಯಾಗಿಸಬಲ್ಲದು. ಬಣ್ಣ ಒಂದೇ ಸಮನೆ ಹರಡಿದ್ದರೆ ಅದು ನೀರಿನ ಮೂಲಕ ಬಂದದ್ದು. ಒಂದು ಕಡೆ ಮಾತ್ರ ತೇಪೆಯಂತಿದ್ದರೆ ಒದ್ದೆ ಬಟ್ಟೆಗಳು ಬಹಳ ಹೊತ್ತು ಒಂದಕ್ಕೊಂದು ಅಂಟಿಕೊಂಡಿದ್ದವು ಎಂದರ್ಥ. ಎರಡರಲ್ಲೂ ಬಟ್ಟೆಯನ್ನು ಒಣಗಲು ಬಿಡದಿರುವುದೇ ಮುಖ್ಯ. ಬಣ್ಣ ಬಿಟ್ಟ ಬಟ್ಟೆಯನ್ನು ಬೇರ್ಪಡಿಸಿ, ಉಳಿದವನ್ನು ಒದ್ದೆಯಾಗಿರುವಾಗಲೇ ಮತ್ತೊಮ್ಮೆ ಒಗೆಯಿರಿ, ಆಮೇಲೂ ಛಾಯೆ ಇದ್ದರೆ ಪಟ್ಟಿ ಅನುಮತಿಸುವ ಬಿಳಿ ಬಟ್ಟೆಗಳನ್ನು ಆಮ್ಲಜನಕ ಆಧಾರಿತ ಬ್ಲೀಚಿನಲ್ಲಿ ರಾತ್ರಿಯಿಡೀ ನೆನೆಹಾಕಿ.

ಎಲ್ಲವೂ ಮಬ್ಬು, ಗಡಸು, ಮೇಲೆ ಬಿಳಿ ಗೆರೆ

ಒಂದೆರಡು ಕಲೆಯಲ್ಲ, ಒಗೆದ ಬಟ್ಟೆಯೆಲ್ಲ ಬೂದುಬಣ್ಣಕ್ಕೆ ತಿರುಗಿದ್ದರೆ ದೋಷ ಊಟದ್ದಲ್ಲ, ಒಗೆಯುವ ಕ್ರಮದ್ದು. ಮೊದಲು ಮೆಷಿನ್ ಎಷ್ಟು ತುಂಬಿತ್ತು ಎಂದು ಕೇಳಿಕೊಳ್ಳಿ. ಔತಣದ ಮರುದಿನ ಎಲ್ಲವನ್ನೂ ಒಮ್ಮೆಗೇ ಮುಗಿಸುವ ಆತುರ ಇರುತ್ತದೆ, ಆದರೆ ಬಟ್ಟೆಗಳು ಹೊರಳಾಡಲು ಜಾಗವಿಲ್ಲದಿದ್ದರೆ ಬಿಟ್ಟ ಕೊಳೆ ಮತ್ತೆ ಅವುಗಳ ಮೇಲೆಯೇ ಕೂರುತ್ತದೆ. ಮುಂಬಾಗಿಲಿನ ಮೆಷಿನ್‌ನಲ್ಲಿ ಒಣಬಟ್ಟೆ ತುಂಬಿದ ಮೇಲೆ ಮೇಲುಗಡೆ ಒಂದು ಅಂಗೈ ಅಗಲದಷ್ಟು ಜಾಗ ಉಳಿಯಬೇಕು.

ಎರಡನೆಯದು ಡಿಟರ್ಜೆಂಟಿನ ಅಳತೆ. ಒಗೆದ ಒಂದು ಟವೆಲನ್ನು ಬಕೆಟ್ಟಿನ ಬರಿಯ ಬೆಚ್ಚನೆಯ ನೀರಿನಲ್ಲಿ ಹಾಕಿ ಕಲಕಿ. ನೊರೆ ಎದ್ದರೆ, ನೀರು ಜಾರಿದಂತೆ ಅನಿಸಿದರೆ, ಹಿಂದಿನ ಒಗೆತಗಳ ಡಿಟರ್ಜೆಂಟ್ ಬಟ್ಟೆಯಲ್ಲೇ ಉಳಿದಿದೆ; ಅದು ಹೊಸ ಕೊಳೆಯನ್ನು ಹಿಡಿದಿಡುವ ಅಂಟಿನಂತೆ ವರ್ತಿಸುತ್ತದೆ. ಆ ಬಟ್ಟೆಗಳನ್ನು ಡಿಟರ್ಜೆಂಟ್ ಇಲ್ಲದೆ ಒಂದೆರಡು ಸಲ ಜಾಲಾಡಿಸಿ, ಮುಂದಿನ ಸಲ ಅಳತೆಯ ಮುಚ್ಚಳವನ್ನು ಬಳಸಿ. ಹೆಚ್ಚು ಹಾಕಿದಷ್ಟೂ ಹೆಚ್ಚು ಸ್ವಚ್ಛ ಎಂಬ ನಂಬಿಕೆ ನನ್ನ ಮಟ್ಟಿಗೆ ಬಟ್ಟೆ ಒಗೆತದ ಅತ್ಯಂತ ದುಬಾರಿ ತಪ್ಪು ತಿಳಿವಳಿಕೆ.

ನೊರೆ ಏಳದೆ, ಬಟ್ಟೆ ಹಪ್ಪಳದಂತೆ ಗಡಸಾಗಿ, ಬಿಳಿ ಪುಡಿ ಉದುರಿದರೆ ಗಡಸುನೀರನ್ನು ಶಂಕಿಸಿ. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸೋಪಿನೊಂದಿಗೆ ಸೇರಿ ಕರಗದ ಕಿಟ್ಟವಾಗುತ್ತವೆ. ಕೆದರಿ ತೆಗೆದ ಪುಡಿಗೆ ವಿನೆಗರ್ ಹನಿಸಿದಾಗ ಗುಳ್ಳೆ ಎದ್ದರೆ ಅದರಲ್ಲಿ ಕಾರ್ಬನೇಟ್ ಇದೆ. ಈಗ ಡಿಟರ್ಜೆಂಟನ್ನು ಕಡಿಮೆ ಮಾಡುವುದು ಪರಿಹಾರವಲ್ಲ. ಪೊಟ್ಟಣದ ಮೇಲೆ ಗಡಸುನೀರಿಗೆಂದು ಸೂಚಿಸಿದ ಅಳತೆಯನ್ನು ಬಳಸಬೇಕು ಅಥವಾ ನೀರನ್ನು ಮೆದುಗೊಳಿಸುವ ಪುಡಿ ಸೇರಿಸಬೇಕು. ಟವೆಲ್ ಮೃದುವಾಗಿಯೇ ಇದ್ದು ನೀರು ಹೀರದಿದ್ದರೆ ಕಾರಣ ಬಟ್ಟೆ ಮೃದುಗೊಳಿಸುವ ದ್ರವದ ಲೇಪ, ಅದನ್ನು ಕೆಲವು ಒಗೆತಗಳ ಕಾಲ ನಿಲ್ಲಿಸಿ.

ಒಗೆದರೂ ಮುಗ್ಗಲು ವಾಸನೆ

ಒಣಗಿದಾಗ ವಾಸನೆಯಿಲ್ಲದೆ, ಒದ್ದೆಯಾದೊಡನೆ ಮರಳುವ ಹುಳಿ ಮುಗ್ಗಲು ವಾಸನೆಗೆ ಕಾರಣ ಬ್ಯಾಕ್ಟೀರಿಯಾ. ಜಪಾನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂಬ ಜೀವಾಣುವನ್ನು ಇದರ ಮೂಲವೆಂದು ಗುರುತಿಸಿತು. ಬಟ್ಟೆ ಮೆಷಿನ್‌ನಲ್ಲೇ ಗಂಟೆಗಟ್ಟಲೆ ಉಳಿದಿತ್ತೇ, ಒತ್ತೊತ್ತಾಗಿ ಹರಡಿತ್ತೇ ಎಂದು ಮೊದಲು ನೋಡಿ. ಎಷ್ಟು ಬೇಗ ಒಣಗುತ್ತದೆ ಎಂಬುದೇ ಇಲ್ಲಿ ನಿರ್ಣಾಯಕ. ಪಟ್ಟಿ ಅನುಮತಿಸಿದರೆ 60 ಡಿಗ್ರಿಯಲ್ಲಿ ಆಮ್ಲಜನಕ ಆಧಾರಿತ ಬ್ಲೀಚಿನೊಂದಿಗೆ ಒಮ್ಮೆ ಒಗೆಯಿರಿ, ಆದರೆ ಆಹಾರದ ಕಲೆಗಳು ಪೂರ್ತಿ ಹೋದ ಮೇಲೆ ಮಾತ್ರ.

ಎಲ್ಲ ಬಟ್ಟೆಗೂ ಅದೇ ವಾಸನೆಯಿದ್ದರೆ ಮೆಷಿನ್‌ನೊಳಗೆ ಮೂಗಿಡಿ. ಬಾಗಿಲಿನ ರಬ್ಬರ್ ಮಡಿಕೆಯನ್ನು ಬಿಡಿಸಿ ಒರೆಸಿದಾಗ ಕಪ್ಪು ಲೋಳೆ ಸಿಗುವುದು ಸಾಮಾನ್ಯ. ಅದನ್ನೂ ಡಿಟರ್ಜೆಂಟ್ ತಟ್ಟೆಯನ್ನೂ ತೊಳೆದು, ಬಟ್ಟೆಯಿಲ್ಲದೆ ಅತಿ ಬಿಸಿಯ ಒಗೆತವನ್ನು ಓಡಿಸಿ, ಬಳಕೆಯಿಲ್ಲದಾಗ ಬಾಗಿಲನ್ನು ತುಸು ತೆರೆದಿಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರು ಒಳಗೆ ಹೋಗದಂತೆ ನೋಡಿಕೊಳ್ಳಿ. ತಳದಲ್ಲಿ ನೀರು ನಿಂತಿದ್ದರೆ ಪ್ಲಗ್ ಕಿತ್ತು, ನೀರು ತಣ್ಣಗಾದ ಮೇಲೆ ಫಿಲ್ಟರ್ ತೆರೆಯಿರಿ. ಟಿಶ್ಯೂ ಕಾಗದ, ಹಲ್ಲುಕಡ್ಡಿ, ಬಾಟಲಿ ಮುಚ್ಚಳಗಳು ಮೇಜುಬಟ್ಟೆಯ ಮಡಿಕೆಯಿಂದ ಅಲ್ಲಿಗೆ ಬಂದು ಸೇರಿರುತ್ತವೆ. ಫಿಲ್ಟರ್ ಸ್ವಚ್ಛವಿದ್ದರೂ ನೀರು ಹೋಗದಿದ್ದರೆ, ಸುಟ್ಟ ವಾಸನೆ ಬಂದರೆ, ಮುಟ್ಟಿದಾಗ ಜುಮ್ಮೆನಿಸಿದರೆ ಅಲ್ಲಿಗೇ ನಿಲ್ಲಿಸಿ. ಜುಮ್ಮೆನಿಸುವ ಮೆಷಿನ್ನನ್ನು ಮತ್ತೆ ಮುಟ್ಟದೆ ಮನೆಯ ಮುಖ್ಯ ಸ್ವಿಚ್ಚಿನಿಂದ ವಿದ್ಯುತ್ ಕಡಿದು ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ಕ್ಲೋರಿನ್ ಬ್ಲೀಚ್ ಬಳಸುವ ಯೋಚನೆ ಬಂದಾಗ

ಇದನ್ನು ಎಲ್ಲಕ್ಕಿಂತ ಕೊನೆಯಲ್ಲಿ, ಬಿಳಿ ಹತ್ತಿಗೆ ಮಾತ್ರ ಬಳಸಬೇಕು. ವಿನೆಗರಿನಂಥ ಯಾವುದೇ ಆಮ್ಲದೊಂದಿಗೆ ಸೇರಿದರೆ ಅದರಿಂದ ವಿಷಕಾರಿ ಕ್ಲೋರಿನ್ ಅನಿಲವೂ, ಅಮೋನಿಯಾದೊಂದಿಗೆ ಸೇರಿದರೆ ಕ್ಲೋರಮೈನ್ ಅನಿಲವೂ ಹೊಮ್ಮುತ್ತವೆ. ಇಲ್ಲಿ ಹಲವು ಕಡೆ ವಿನೆಗರ್ ಸೂಚಿಸಿರುವುದರಿಂದ ಸ್ಪಷ್ಟವಾಗಿ ಹೇಳುತ್ತೇನೆ: ವಿನೆಗರ್ ತಾಗಿದ ಬಟ್ಟೆಯನ್ನು ಚೆನ್ನಾಗಿ ನೀರಿನಲ್ಲಿ ಜಾಲಾಡಿಸದೆ ಬ್ಲೀಚಿನ ಹತ್ತಿರ ತರಬೇಡಿ. ಕಣ್ಣು ಉರಿದು ಕೆಮ್ಮು ಬಂದರೆ ಎಲ್ಲವನ್ನೂ ಅಲ್ಲೇ ಬಿಟ್ಟು ತೆರೆದ ಗಾಳಿಗೆ ಹೋಗಿ, ಉಸಿರಾಟ ಕಷ್ಟವಾದರೆ ತಡಮಾಡದೆ ವೈದ್ಯಕೀಯ ನೆರವು ಪಡೆಯಿರಿ. ಕಿತ್ತಳೆಗಂದು ಬಣ್ಣದ ತುಕ್ಕಿನ ಕಲೆಗೆ ಬ್ಲೀಚ್ ಹಾಕಿದರೆ ಅದು ಹೋಗುವ ಬದಲು ಇನ್ನಷ್ಟು ಗಟ್ಟಿಯಾಗುತ್ತದೆ.

ಯಾವಾಗ ಕೈಬಿಟ್ಟು ಲಾಂಡ್ರಿಗೆ ಕೊಡಬೇಕು

ರೇಷ್ಮೆ, ಉಣ್ಣೆ, ಜರಿ ಅಥವಾ ಕಸೂತಿಯ ಬಟ್ಟೆಯಲ್ಲಿ ತಣ್ಣೀರಿನ ಒಂದು ಪ್ರಯತ್ನಕ್ಕೆ ಕಲೆ ಬಗ್ಗದಿದ್ದರೆ, ಹತ್ತಿಯಲ್ಲಿ ಒಂದೇ ವಿಧಾನ ಮೂರು ಸಲ ಸೋತರೆ, ಅಥವಾ ಕಲೆಯೊಂದಿಗೆ ಬಟ್ಟೆಯ ಬಣ್ಣವೂ ಬಿಡತೊಡಗಿದರೆ ನಿಲ್ಲಿಸಿ. ಕೊಡುವಾಗ ಕಲೆಯ ಸುತ್ತ ಬಿಳಿ ದಾರದಿಂದ ಸಡಿಲವಾಗಿ ಗುರುತು ಹೊಲಿದು, ಏನು ಚೆಲ್ಲಿತ್ತು, ಎಂದು ಚೆಲ್ಲಿತ್ತು, ಈವರೆಗೆ ಏನೇನು ಹಚ್ಚಿದ್ದೀರಿ, ಬಿಸಿ ತಾಗಿದೆಯೇ ಎಂಬ ನಾಲ್ಕು ಸಂಗತಿಗಳನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ. ವಿನೆಗರ್ ಹಚ್ಚಿದ್ದನ್ನೋ ಇಸ್ತ್ರಿ ಮಾಡಿದ್ದನ್ನೋ ಸಂಕೋಚದಿಂದ ಮುಚ್ಚಿಟ್ಟರೆ ಅವರು ಆರಿಸುವ ದ್ರಾವಣವೇ ತಪ್ಪಾಗಬಹುದು.